ಸತ್ಯಾಂಶ: ಸಿಗ್ನಲ್ ಇಲ್ಲದ ಕಡಲಲ್ಲೂ 112 ಸಿಗುತ್ತಾ?

ಬೇಸಿಗೆಯಲ್ಲಿ ಸಾಲ್ಮನ್ ಹಿಡಿಯಲು ಅಲಾಸ್ಕಾದ ನಿರ್ಜನ ಕರಾವಳಿಗೆ ಬೋಟಿನಲ್ಲಿ ಹೊರಡುವವರಿಗೆ ಒಂದು ಫಾರ್ವರ್ಡ್ ಸುಮ್ನೆ ಧೈರ್ಯ ತುಂಬುತ್ತದೆ: "ನೆಟ್‌ವರ್ಕ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗುತ್ತದೆ."

ಇದು ಅರ್ಧ ನಿಜ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಫೋನು ಬೇರೆ ಕಂಪನಿಯ ಟವರ್ ಹಿಡಿದು ತುರ್ತು ಕರೆ ಮಾಡಬಲ್ಲದು. ಯಾವ ಟವರೂ ಇಲ್ಲದ ಕಡೆ? ಕರೆ ಹೋಗುವುದೇ ಇಲ್ಲ. ಅಲ್ಲಿನ ತುರ್ತು ಸಂಖ್ಯೆ 911 ಒತ್ತಿದರೂ ಅಷ್ಟೇ.

ಕಡಲಲ್ಲಿ ಮೊದಲು ಬೇಕಾದದ್ದು ವಿಎಚ್‌ಎಫ್ ರೇಡಿಯೊ, ಅಂದರೆ ಮೊಬೈಲ್ ಟವರ್ ಬೇಡದೆ ಮಾತಾಡಬಲ್ಲ ಬೋಟಿನ ವೈರ್‌ಲೆಸ್. 16ನೇ ಚಾನೆಲ್‌ನಲ್ಲಿ (156.8 ಮೆಗಾಹರ್ಟ್ಸ್) ಕರೆದರೆ ಕೋಸ್ಟ್ ಗಾರ್ಡ್‌ಗೆ ಮಾತ್ರವಲ್ಲ, ಹತ್ತಿರದ ಬೋಟುಗಳಿಗೂ ಕೇಳಿಸಬಹುದು. ನನಗಂತೂ ಇದೇ ಅದರ ದೊಡ್ಡ ಲಾಭ ಅನ್ನಿಸುತ್ತದೆ. ಆದರೆ ಬೆಟ್ಟ ಅಡ್ಡ ಬಂದರೆ ಕಷ್ಟ. ಅದಕ್ಕೇ 406 ಮೆಗಾಹರ್ಟ್ಸ್‌ನ ತುರ್ತು ಬೀಕನ್ ಜೊತೆಗಿರಲಿ, ಅದು ಉಪಗ್ರಹಕ್ಕೆ ಸಂಕೇತ ಕಳಿಸುತ್ತದೆ. ಕೆಲವು ಹೊಸ ಫೋನುಗಳಲ್ಲೂ ಸ್ಯಾಟಲೈಟ್ ಎಸ್‌ಒಎಸ್ ಇದೆ. ಆದರೆ ಫೋನಿನಲ್ಲಿ ಚಾರ್ಜ್ ಇರಬೇಕು ಅಲ್ವಾ?