ಹುತಾತ್ಮ ಯೋಧನ ಮನೆಗೆ ನಾಯಕರು ಕ್ಯಾಮೆರಾ ಸಮೇತ ಬರಬೇಕೇ?

ಪರ: ಬರಲಿ, ಎಲ್ಲರೆದುರೇ ಮಾತು ಕೊಡಲಿ

ಸಾವಿನ ಮನೆಗೆ ಯಾರೂ ಕರೆಯುವುದಿಲ್ಲ. ಸುದ್ದಿ ಕಿವಿಗೆ ಬಿದ್ದರೆ ಹೊರಟುಬಿಡಬೇಕು. ಮಾತು ಬಿಟ್ಟ ದಾಯಾದಿಯೂ ಅವತ್ತು ಬಂದು ಹಿಡಿ ಮಣ್ಣು ಹಾಕಿ ಹೋಗುತ್ತಾನೆ. ಹಾಗಿರುವಾಗ ಯೋಧನನ್ನು ಗಡಿಗೆ ಕಳಿಸಿದ ಸರ್ಕಾರದ ಕಡೆಯಿಂದ ಒಬ್ಬರೂ ಬರದಿದ್ದರೆ ಆ ಊರು ಏನಂದುಕೊಳ್ಳಬೇಕು?

ಹಿಂದೆ ಹೆಚ್ಚುಕಡಿಮೆ ಹಾಗೇ ಇತ್ತು. 1962, 1965, 1971ರ ಯುದ್ಧಗಳಲ್ಲಿ ತೀರಿಕೊಂಡ ಬಹುತೇಕರ ಅಂತ್ಯಕ್ರಿಯೆ ಯುದ್ಧಭೂಮಿಯ ಹತ್ತಿರವೇ ಮುಗಿಯುತ್ತಿತ್ತು. ಮನೆಗೆ ಬರುತ್ತಿದ್ದುದು ಟೆಲಿಗ್ರಾಂ. 1999ರ ಕಾರ್ಗಿಲ್ ಯುದ್ಧದಲ್ಲಿ 527 ಯೋಧರು ಪ್ರಾಣ ಕೊಟ್ಟಾಗ ತ್ರಿವರ್ಣ ಧ್ವಜ ಹೊದ್ದ ಪೆಟ್ಟಿಗೆಗಳು ಊರೂರಿಗೆ ಬಂದವು. ಹಿಂದೆಯೇ ಮಂತ್ರಿಗಳೂ ಬಂದರು. 2019ರ ಪುಲ್ವಾಮಾ ದಾಳಿಯಲ್ಲಿ ಸತ್ತ 40 ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅಂತ್ಯಕ್ರಿಯೆಗೆ ಬಂದಿದ್ದರು. ಬರದಿದ್ದರೆ ಮಂಡ್ಯದ ಜನ ಸುಮ್ನೆ ಬಿಡುತ್ತಿದ್ದರಾ?

ಇನ್ನು ಕ್ಯಾಮೆರಾ. ಅದನ್ನು ಬೈಯುವುದು ಸುಲಭ. ಆದರೆ ಮಂತ್ರಿ ಅಂಗಳದಲ್ಲಿ ನಿಂತು "ಸೈಟು ಕೊಡ್ತೀವಿ, ಸೊಸೆಗೆ ಕೆಲಸ ಕೊಡ್ತೀವಿ" ಅಂದಾಗ ಹಿಂದೆ ನಿಂತ ತಹಶೀಲ್ದಾರರು ಬರೆದುಕೊಳ್ಳುತ್ತಾರೆ. ಆರು ತಿಂಗಳಾದ ಮೇಲೆ ಅದೇ ಕಚೇರಿಯಲ್ಲಿ "ಯಾರಮ್ಮಾ ಹೇಳಿದ್ದು?" ಅಂತ ಕೇಳಿದರೆ ತೋರಿಸಲು ವಿಡಿಯೊ ಇರುತ್ತದೆ. ವರ್ಷ ತುಂಬಿದ ದಿನ ವರದಿಗಾರ ಬಂದು "ಸೈಟು ಬಂತಾ?" ಅನ್ನುತ್ತಾನೆ. ಬಂದಿಲ್ಲ ಅಂದರೆ ಸುದ್ದಿ, ಸುದ್ದಿಯಾದರೆ ಫೈಲು ಓಡುತ್ತದೆ. ಪ್ರಚಾರದ ಆಸೆಯಿಂದಲೇ ಬರಲಿ ಬಿಡಿ, ಕುಟುಂಬದ ಕೆಲಸವಾಗುತ್ತದಲ್ಲ.

ವಿರೋಧ: ಅಳುವವರ ಮುಂದೆ ಚೆಕ್ ಹಿಡಿಯಬೇಡಿ

2023ರ ನವೆಂಬರ್ 22ರಂದು ರಜೌರಿಯಲ್ಲಿ ಉಗ್ರರ ಜತೆ ನಡೆದ ಕಾಳಗದಲ್ಲಿ ನಮ್ಮ ಕರ್ನಾಟಕದ ಕ್ಯಾಪ್ಟನ್ ಎಂ.ವಿ. ಪ್ರಾಂಜಲ್ ತೀರಿಕೊಂಡರು. ಅದೇ ಕಾಳಗದಲ್ಲಿ ಆಗ್ರಾದ ಒಬ್ಬ ಕ್ಯಾಪ್ಟನ್ ಕೂಡ. ಆಗ್ರಾದ ಆ ಮನೆಯ ವಿಡಿಯೊ ದೇಶವೆಲ್ಲ ನೋಡಿತು. ತಾಯಿಗೆ ನಿಲ್ಲಲೂ ಆಗುತ್ತಿಲ್ಲ. ಉತ್ತರ ಪ್ರದೇಶದ ಸಚಿವರು ಆಕೆಯ ಕೈಗೆ ಚೆಕ್ ಕೊಡಲು ನೋಡುತ್ತಿದ್ದಾರೆ, ಎದುರಿಗೆ ಕ್ಯಾಮೆರಾಗಳು. ಈ ಪ್ರದರ್ಶನ ಬೇಡ, ನನ್ನ ಮಗನನ್ನು ಕರೆಸಿ ಅಂತ ಆ ತಾಯಿ ಅಳುತ್ತಲೇ ಹೇಳಿದರು. ಫೋಟೊ ಆಮೇಲೆ ತೆಗೆದುಕೊಳ್ಳೋಣ ಅನ್ನುವಷ್ಟು ಬುದ್ಧಿ ಅಲ್ಲಿದ್ದ ಒಬ್ಬರಿಗೂ ಬರಲಿಲ್ಲ.

ಬೆಂಗಳೂರಿನಲ್ಲಿ ಇದಕ್ಕಿಂತ ಕೆಟ್ಟದ್ದು ನಡೆದಿದೆ. 2008ರಲ್ಲಿ ಮುಂಬೈ ದಾಳಿಯಲ್ಲಿ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಸತ್ತಾಗ ಕೇರಳದ ಅಂದಿನ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಇಲ್ಲಿನ ಅವರ ಮನೆಗೆ ಬಂದರು. ಸಿಟ್ಟಿನಲ್ಲಿದ್ದ ತಂದೆ ಒಳಗೆ ಬರಬೇಡಿ ಅಂದರು. ಮಗನನ್ನು ಕಳೆದುಕೊಂಡವರ ಸಿಟ್ಟು, ತಡೆದುಕೊಳ್ಳಬೇಕಿತ್ತು. ಮುಖ್ಯಮಂತ್ರಿ ಆಡಿದ್ದೇನು? ಅದು ಸಂದೀಪ್ ಮನೆ ಅಲ್ಲದಿದ್ದರೆ ನಾಯಿಯೂ ಅತ್ತ ಹೋಗುತ್ತಿರಲಿಲ್ಲ ಎಂದು. ಆಮೇಲೆ ವಿಷಾದ ಹೇಳಿದರು, ಅದು ಬೇರೆ ಮಾತು. ಸಾಂತ್ವನ ಹೇಳಲು ಬಂದವರಿಗೆ ಬಾಗಿಲಲ್ಲಿ ಅವಮಾನವಾಯಿತು ಅನ್ನಿಸಿದರೆ, ಅವರು ಬಂದದ್ದು ಯಾರಿಗಾಗಿ?

ವೋಟಿನ ಲೆಕ್ಕ ಇಲ್ಲ ಅನ್ನುವವರು ಚುನಾವಣಾ ಆಯೋಗವನ್ನು ಕೇಳಲಿ. ಪುಲ್ವಾಮಾ ಆದ ಮರುತಿಂಗಳೇ, 2019ರ ಮಾರ್ಚ್‌ನಲ್ಲಿ, ಪ್ರಚಾರಕ್ಕೆ ಯೋಧರ ಫೋಟೊ ಬಳಸಬೇಡಿ ಅಂತ ಆಯೋಗ ಪಕ್ಷಗಳಿಗೆ ಹೇಳಬೇಕಾಯಿತು. 2013ರಲ್ಲೇ ಹೇಳಿದ್ದ ಮಾತು ಅದು. ಯಾರೂ ಕೇಳಿರಲಿಲ್ಲ ಅಂತಾಯಿತಲ್ಲ.

ಕೊಡುವ ದುಡ್ಡಾದರೂ ಯಾರದ್ದು? ಕೇಂದ್ರದ ಪರಿಹಾರ ಯಾವ ಸಂದರ್ಭದಲ್ಲಿ ಪ್ರಾಣ ಹೋಯಿತು ಅನ್ನುವುದರ ಮೇಲೆ ನಿಗದಿಯಾಗುತ್ತದೆ. 2016ರಲ್ಲಿ ಗೊತ್ತುಮಾಡಿದಂತೆ 25 ಲಕ್ಷದಿಂದ 45 ಲಕ್ಷ ರೂಪಾಯಿ. ಕಾಳಗದಲ್ಲಿ ಸತ್ತ ಕಾಯಂ ಸೈನಿಕನ ಹೆಂಡತಿಗೆ ಅವನ ಕೊನೆಯ ಸಂಬಳದಷ್ಟೇ ಕುಟುಂಬ ಪಿಂಚಣಿ. ಇದೆಲ್ಲ ನಿಯಮದ ಪ್ರಕಾರ ಬರುವ ಹಕ್ಕು. ರಾಜ್ಯ ಕೊಡುವ ಪರಿಹಾರವೂ ಖಜಾನೆಯ ಹಣವೇ. ಜೇಬಿನಿಂದ ತೆಗೆದುಕೊಟ್ಟಂತೆ ಚೆಕ್ ಹಿಡಿದು ನಿಲ್ಲುವುದು ಯಾಕೆ?

ಕ್ಯಾಮೆರಾ ಸಾಕ್ಷಿ ಅನ್ನುವ ವಾದವನ್ನು ಒಪ್ಪಬಹುದಿತ್ತು, ಬೇರೆ ಸಾಕ್ಷಿಯೇ ಇಲ್ಲದಿದ್ದರೆ. ಸಹಿಯಾದ ಸರ್ಕಾರಿ ಆದೇಶದ ಪ್ರತಿಯನ್ನು ಮನೆಯವರ ಕೈಗೆ ಕೊಡಿ, ಯಾವ ಕಚೇರಿಯೂ ಇಲ್ಲ ಅನ್ನಲಾರದು. ತಿಥಿ ಕಳೆದ ಮೇಲೆ ಬನ್ನಿ, ಹಿಂದೆ ಇಪ್ಪತ್ತು ಕಾರು ಬೇಡ. ನೆಂಟರೆಲ್ಲ ಹೊರಟುಹೋಗಿರುತ್ತಾರೆ. ಆಧಾರ್‌ನಲ್ಲಿ ಯೋಧನ ಹೆಂಡತಿಗೆ ಒಂದು ಹೆಸರು, ಸೇನೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಪಿಂಚಣಿ ಅಲ್ಲೇ ನಿಲ್ಲುತ್ತದೆ. ಅದನ್ನು ತಿದ್ದಿಸಲು ತಾಲ್ಲೂಕು ಕಚೇರಿಗೆ, ಸೈನಿಕ ಕಲ್ಯಾಣ ಇಲಾಖೆಗೆ ಅಲೆಯುವವರು ಯಾರು ಅಂತ ಕೇಳಿ, ಅಲ್ಲಿಂದಲೇ ಡಿಸಿಗೆ ಒಂದು ಫೋನು ಮಾಡಿ.