ಏಳು ಗುಳಿಯ ಹಂಚು

ಒಲೆಯ ಮೇಲಿದ್ದ ಹಂಚನ್ನು ಕಂಡ ಕೂಡಲೇ "ಇದು ನಮ್ಮ ಪಡ್ಡಿನ ಹಂಚು!" ಎಂದು ಕೂಗಿಬಿಟ್ಟೆ. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ, ಡಿಸೆಂಬರಿನ ಒಂದು ಭಾನುವಾರ, ಸಹೋದ್ಯೋಗಿಯೊಬ್ಬಳ ತವರುಮನೆಯ ಅಡುಗೆಕೋಣೆ ಅದು. ಕಪ್ಪು ಎರಕದ ಕಬ್ಬಿಣ, ಉದ್ದನೆಯ ಹಿಡಿ, ಏಳು ಗುಳಿ. ದಾವಣಗೆರೆಯ ನಮ್ಮ ಮನೆಯಲ್ಲೂ ಇಂಥದ್ದೇ ಇದೆ, ಅದರಲ್ಲಿ ಬೆಂದದ್ದನ್ನು ತಿಂದೇ ಬೆಳೆದವನು ನಾನು ಎಂದು ಹೆಮ್ಮೆಯಿಂದ ಹೇಳಿಕೊಂಡೆ. ಅವಳ ತಂದೆಗೆ ಎಪ್ಪತ್ತು ದಾಟಿದೆ. ಅವರು ನಕ್ಕು, ಸ್ವೆಟರ್ ಹೆಣೆಯುವ ಕಡ್ಡಿಯೊಂದನ್ನು ನನ್ನ ಕೈಗಿತ್ತು, "ಹಾಗಾದರೆ ನೀನೇ ತಿರುಗಿಸು" ಎಂದರು.

ನನಗೆ ಬರಲಿಲ್ಲ. ನಲವತ್ತೊಂದು ವರ್ಷದಲ್ಲಿ ಒಂದು ಪಡ್ಡನ್ನೂ ತಿರುಗಿಸಿದವನಲ್ಲ ನಾನು.

"ನಿಮ್ಮ ಮನೆಯಲ್ಲಿ ಯಾರು ಮಾಡುತ್ತಾರೆ?" ಎಂದು ಅವರ ಪುಟ್ಟ ಮೊಮ್ಮಗಳು ಕೇಳಿದಳು. ನಮ್ಮವ್ವ ಎಂದೆ. "ಒಬ್ಬರೇ?" ಎಂದಳು. ಆ ಒಂದು ಮಾತು ಈವರೆಗೂ ನನ್ನನ್ನು ಬಿಟ್ಟಿಲ್ಲ.

ಅವರು ಮಾಡುತ್ತಿದ್ದದ್ದು ಏಬ್ಲೆಸ್ಕಿವರ್ ಎಂಬ ಕ್ರಿಸ್‌ಮಸ್ ಕಾಲದ ತಿಂಡಿ. ಹೆಸರಿನ ಅರ್ಥ ಸೇಬಿನ ಹೋಳು. ಹಿಂದೆ ಒಳಗೆ ಸೇಬು ಇಡುತ್ತಿದ್ದರಂತೆ, ಈಗ ಹೆಚ್ಚಿನ ಮನೆಗಳಲ್ಲಿ ಹೆಸರಷ್ಟೇ ಉಳಿದಿದೆ. ಮೈದಾ, ಮಜ್ಜಿಗೆ, ಮೊಟ್ಟೆ, ಏಲಕ್ಕಿ, ತುರಿದ ನಿಂಬೆಸಿಪ್ಪೆ. ಪ್ರತಿ ಗುಳಿಗೂ ಚೂರು ಬೆಣ್ಣೆ ಹಾಕಿ ಹಿಟ್ಟು ಹೊಯ್ಯುತ್ತಾರೆ. ತಳ ಗಟ್ಟಿಯಾದೊಡನೆ ಕಡ್ಡಿಯಿಂದ ಅಂಚನ್ನು ಬಿಡಿಸಿ ಕಾಲುಭಾಗ ಮಾತ್ರ ತಿರುಗಿಸಬೇಕು. ಮೇಲಿನ ಹಸಿಹಿಟ್ಟು ಗುಳಿಯೊಳಕ್ಕೆ ಇಳಿಯುತ್ತದೆ. ಮತ್ತೆ ಕಾಲು, ಮತ್ತೆ ಕಾಲು, ಕೊನೆಗೆ ಗುಂಡಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ನಾನು ಒಂದೇ ಸಲಕ್ಕೆ ಮಗುಚಿ ನಾಲ್ಕನ್ನು ಹರಿದುಹಾಕಿದೆ. ಆ ಹಿರಿಯರು ಬೇಸರಿಸದೆ ನನ್ನ ಮಣಿಕಟ್ಟು ಹಿಡಿದು ತೋರಿಸಿಕೊಟ್ಟರು. ತಮಗೆ ಕಲಿಸಿದ್ದು ತಮ್ಮ ತಂದೆ ಎಂದರು.

ಮೇಜಿನ ಇನ್ನೊಂದು ತುದಿಯಲ್ಲಿ ಕ್ಲೈನರ್ ಎಂಬ ಕರಿದ ತಿಂಡಿ ಸಿದ್ಧವಾಗುತ್ತಿತ್ತು. ಲಟ್ಟಿಸುವವಳು ಅಜ್ಜಿ. ಹಲ್ಲಿನ ಚಕ್ರದಿಂದ ಶಂಕರಪೋಳಿಯಂತೆ ಕತ್ತರಿಸುವವನು ಅಳಿಯ. ನಡುವೆ ಸೀಳಿ, ಒಂದು ತುದಿಯನ್ನು ಆ ಸೀಳಿನೊಳಗೆ ತೂರಿಸಿ ಎಳೆಯುವುದು ಮಕ್ಕಳ ಪಾಲು. ಕಾದ ಎಣ್ಣೆಗೆ ಬಿದ್ದೊಡನೆ ಏಲಕ್ಕಿಯ ಘಮ ಎದ್ದಿತು. ಹೊರಗೆ ಸಂಜೆ ನಾಲ್ಕಾಗುವ ಮೊದಲೇ ಕತ್ತಲೆ ಕವಿದಿತ್ತು. ಒಳಗೆ ನನಗೆ ಪಂಚಮಿಯ ಹಿಂದಿನ ದಿನ ನೆನಪಾಗಿ ಗಂಟಲು ಕಟ್ಟಿತು.

ಆದರೆ ಆ ಪಂಚಮಿಯಲ್ಲಿ ನಾನೆಲ್ಲಿದ್ದೆ? ಜೋಕಾಲಿಯ ಮೇಲೆ. ಅವ್ವ ನಸುಕಿನಲ್ಲಿ ಎದ್ದು ಎಳ್ಳು ಹುರಿದು, ಶೇಂಗಾ ಕುಟ್ಟಿ, ಪಾಕ ಹಿಡಿದು, ಬಿಸಿ ಆರುವ ಮೊದಲೇ ಉಂಡೆ ಕಟ್ಟುತ್ತಿದ್ದಳು, ಅಂಗೈ ಕೆಂಪಾಗಿರುತ್ತಿತ್ತು. ಅಪ್ಪ ಪಡಸಾಲೆಯಲ್ಲಿ ಪತ್ರಿಕೆ ಓದುತ್ತಿದ್ದರು. ನಾನು ಬಾಗಿಲಲ್ಲಿ ನಿಂತರೆ "ಗಂಡುಹುಡುಗರಿಗೆ ಒಳಗೇನು ಕೆಲಸ" ಎಂದು ಚಿಕ್ಕಮ್ಮ ಗದರುತ್ತಿದ್ದಳು. ಅದನ್ನು ನಾನು ಸಂತೋಷವಾಗಿಯೇ ಒಪ್ಪಿಕೊಂಡೆ. ಈಗ ಊರಿಗೆ ಹೋದಾಗ, ಹೋಳಿಗೆಯನ್ನೂ ಕರ್ಜಿಕಾಯಿಯನ್ನೂ ಅಂಗಡಿಯಿಂದ ತರುತ್ತಾರೆ, ಹಬ್ಬದ ಕಳೆಯೇ ಹೋಯಿತು ಎಂದು ಗಂಡಸರು ಕೊರಗುವುದನ್ನು ಕೇಳುತ್ತೇನೆ. ಕೋಪ ಬರುತ್ತದೆ. ಕಳೆ ಹೋದದ್ದಕ್ಕೆ ಹೆಂಗಸರನ್ನು ಏಕೆ ದೂರಬೇಕು? ಮನೆಯ ಅರ್ಧ ಜನ ಕಲಿಯಲೇ ಇಲ್ಲ. ಕಲಿತವರ ಸೊಂಟ ಬಿದ್ದುಹೋಯಿತು. ಇಲ್ಲಿ ಡೆನ್ಮಾರ್ಕಿನಲ್ಲಿ ತಿಂಡಿಗಿಂತ ಅದನ್ನು ಮಾಡುವ ದಿನವೇ ದೊಡ್ಡ ಹಬ್ಬ. ಆ ದಿನದಲ್ಲಿ ಎಲ್ಲರಿಗೂ ಪಾಲಿದೆ. ಡಿಸೆಂಬರ್ ಇಪ್ಪತ್ತನಾಲ್ಕರ ರಾತ್ರಿ, ಕ್ರಿಸ್‌ಮಸ್ ಊಟದ ಕೊನೆಗೆ ಕೆನೆ ಬೆರೆಸಿದ ತಣ್ಣನೆಯ ಅನ್ನದ ಪಾಯಸ ಬರುತ್ತದೆ, ಬಾದಾಮಿ ಚೂರುಗಳ ನಡುವೆ ಒಂದೇ ಒಂದು ಇಡೀ ಬಾದಾಮಿ, ಸಿಕ್ಕವರಿಗೆ ಉಡುಗೊರೆ. ಚೆನ್ನಾಗಿರುತ್ತದೆ. ಆದರೂ ನಾನು ಮೆಚ್ಚಿದ್ದು ಹಿಟ್ಟು ಮೆತ್ತಿದ ಆ ಮೇಜನ್ನು.

ಹೇಳದೆ ಉಳಿಸಿಕೊಂಡರೆ ಅನ್ಯಾಯವಾದೀತು, ಆದ್ದರಿಂದ ಹೇಳುತ್ತೇನೆ. ಇಲ್ಲಿನ ಅಂಗಡಿಗಳ ಫ್ರೀಜರಿನಲ್ಲೂ ಏಬ್ಲೆಸ್ಕಿವರ್ ಪೊಟ್ಟಣಗಳ ರಾಶಿ ಇದೆ. ಒಲೆಯ ಮುಂದೆ ನಿಲ್ಲದೆ ಬಿಸಿಮಾಡಿ ತಿನ್ನುವವರು ಬೇಕಾದಷ್ಟು. ನಾನು ಹೋದ ಆ ಭಾನುವಾರವೂ ಅಕ್ಟೋಬರಿನಲ್ಲೇ ಗೊತ್ತಾದದ್ದು. ಹೇಳದೆ ಕೇಳದೆ ಬಂದು ಯಾರೂ ಬಾಗಿಲು ತಟ್ಟಲಿಲ್ಲ. ಕರಿದದ್ದೆಲ್ಲ ಡಬ್ಬಿ ಸೇರಿತು, ಡಬ್ಬಿ ಮನೆಯಲ್ಲೇ ಉಳಿಯಿತು. ಹೋದ ಪಂಚಮಿಗೆ ನಾನು ನಾಲ್ಕು ಉಂಡೆ ತಟ್ಟೆಯಲ್ಲಿಟ್ಟು ಇಲ್ಲಿನ ಎದುರುಮನೆಯಾಕೆಗೆ ಕೊಟ್ಟಾಗ ಅವರು ಗಾಬರಿಯಾಗಿ "ಏಕೆ?" ಎಂದು ಕೇಳಿದ್ದರು. ನಮ್ಮವ್ವ ಒಬ್ಬಳೇ ಕಟ್ಟಿದ ಉಂಡೆ ಓಣಿಯ ಪ್ರತಿ ಮನೆಗೂ ಹೋಗುತ್ತಿತ್ತು, ತಟ್ಟೆ ಬರಿದಾಗಿ ಮರಳುತ್ತಿರಲಿಲ್ಲ. ಹಂಚಲು ಮನೆಮನೆಗೆ ಓಡುತ್ತಿದ್ದವನು ನಾನೇ. ಅಷ್ಟು ಮಾತ್ರ ನಾನು ಕಲಿತಿದ್ದೆ.

ಜನವರಿಯಲ್ಲಿ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅಂಥದ್ದೇ ಹಂಚು ಸಿಕ್ಕಿತು. ಅಕ್ಕಿ, ಉದ್ದು, ಮೆಂತ್ಯ ನೆನೆಸಿ ರುಬ್ಬಿ, ಚಳಿಗೆ ಹುಳಿ ಬಾರದೆಂದು ಹಿಟ್ಟನ್ನು ಎರಡು ರಾತ್ರಿ ರೇಡಿಯೇಟರಿನ ಪಕ್ಕದಲ್ಲಿಟ್ಟೆ. ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಬೆರೆಸಿದೆ. ವಿಡಿಯೊ ಕರೆಯಲ್ಲಿ ಅವ್ವ ಹಂಚನ್ನು ಹತ್ತಿರ ತರಲು ಹೇಳಿ ಎಣಿಸಿದಳು.

"ಏಳೇ ಇವೆಯಲ್ಲೋ. ನಮ್ಮದರಲ್ಲಿ ಹನ್ನೆರಡು."

ಕಾಲುಭಾಗ ತಿರುಗಿಸಲು ಹೊರಟೆ. "ಅದು ಅವರದು. ನಮ್ಮದನ್ನು ಒಂದೇ ಸಲ ಮಗುಚು, ಮುಚ್ಚಳ ತೆಗೆದ ಮೇಲೆ" ಎಂದಳು. ಮುಚ್ಚಳ ಮುಚ್ಚಬೇಕೆಂಬುದೇ ನನಗೆ ಗೊತ್ತಿರಲಿಲ್ಲ.