ಎರಡು ಸೀಟು, ನಾಲ್ಕು ತಿಂಗಳು ಮಳೆ

ಶಿರಸಿ ಕಡೆಯ ಹಳ್ಳಿಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನನ್ನು ಜನ ಮೊದಲು ಏನು ಕೇಳಬಹುದು? ಎಷ್ಟು ಸ್ಪೀಡು ಹೋಗ್ತದೆ ಅಂತಲಾ? ಅಲ್ಲ. "ಇದ್ರಲ್ಲಿ ಅಡಿಕೆ ಚೀಲ ಎಲ್ಲಿ ಇಡ್ತ್ರಿ?" ಅಂತ ಕೇಳುತ್ತಾರೆ. ಎರಡೇ ಸೀಟು. ಡಿಕ್ಕಿಯಲ್ಲಿ ಒಂದು ಸೂಟ್‌ಕೇಸ್ ಹಿಡಿದರೆ ಪುಣ್ಯ. ಮೇಲಿನ ಮಾಡು, ಅಂದರೆ ಛಾವಣಿ, ಅದೂ ಬಟ್ಟೆಯದು, ಮಡಚಿ ಹಿಂದೆ ಹಾಕಬಹುದು. ಮಡಚುವ ಮಾಡಿನ ಗಾಡಿಯನ್ನು ಮಳೆ ಸೀಮೆಗೆ ತಂದವನ ಬಗ್ಗೆ ಊರವರಿಗೆ ಒಂದು ಅಭಿಪ್ರಾಯವಿದೆ. ನನ್ನೆದುರು ಹೇಳುವುದಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ಯಾರೋ ಕೆಲವು ವರ್ಷ ಓಡಿಸಿ, ಮನೆಯಲ್ಲಿ ಮಕ್ಕಳಾದ ಮೇಲೆ ಮಾರಿದ ಸೆಕೆಂಡ್‌ಹ್ಯಾಂಡ್ ಗಾಡಿ. ಯಾವ ಕಂಪನಿಯದು ಅನ್ನೋದು ಬೇಡ. ಅದರ ಮಾನ ಕಳೆಯುವ ಉದ್ದೇಶ ನನಗಿಲ್ಲ.

ನೆಲಕ್ಕೂ ಅದರ ಹೊಟ್ಟೆಗೂ ನಡುವೆ ಐದು ಇಂಚೂ ಇಲ್ಲ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ರಸ್ತೆಯ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲದಲ್ಲಿ ಸಾವಕಾಶ ಏರಿ ಇಳಿಯೋದಾದರೆ ನನ್ನ ಗಾಡಿಗೂ ತಕರಾರಿಲ್ಲ. ನಮ್ಮ ಹಳ್ಳಿಗಳ ಹಂಪಿನ ಕಥೆಯೇ ಬೇರೆ. ಯಾರದೋ ಬೈಕು ಯಾರದೋ ದನಕ್ಕೆ ಗುದ್ದಿದ ಮಾರನೇ ದಿನ, ಉಳಿದ ಜಲ್ಲಿ ಡಾಂಬರು ಸುರಿದು ಕಟ್ಟಿದ್ದು. ಸಿಟ್ಟು ಎಷ್ಟಿತ್ತೋ ಎತ್ತರ ಅಷ್ಟು. ಅದರ ಮುಂದೆ ನಾನು ಗಾಡಿ ನಿಲ್ಲಿಸಿ, ಸ್ಟೇರಿಂಗ್ ಪೂರ್ತಿ ತಿರುಗಿಸಿ, ಓರೆಯಾಗಿ ಒಂದೊಂದೇ ಚಕ್ರ ಹತ್ತಿಸುತ್ತೇನೆ. ಇಕ್ಕಟ್ಟಿನ ಬಾಗಿಲಲ್ಲಿ ಗೋದ್ರೇಜ್ ಕಪಾಟು ದಾಟಿಸಿದ ಹಾಗೆ. ಗಂಟೆಗೆ 200 ಕಿಲೋಮೀಟರ್ ಓಡಬಲ್ಲ ಗಾಡಿಯ ಹಿಂದೆ ನಿಂತು ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಾನೆ.

ಮನೆ ಅಂಗಳಕ್ಕೆ ಹತ್ತಿಸಲು ಅಡಿಕೆ ದಬ್ಬೆ ಬೇಕು. ಬಲಿತ ಮರ ಸೀಳಿ ಮಾಡಿದ ದಬ್ಬೆಯನ್ನು ಬೆನ್ನು ಮೇಲಾಗಿ ಜೋಡಿಸಿ, ಸಂದಿಗೆ ಮಣ್ಣು ತುಂಬಿದರೆ ಒಳ್ಳೆ ಏರು ಆಗುತ್ತದೆ. ಪಂಕ್ಚರ್ ಅಂಗಡಿಗೂ ನಾಲ್ಕು ದಬ್ಬೆ ಒಯ್ದಿದ್ದುಂಟು. ಅವರ ಟ್ರಾಲಿ ಜಾಕು ಈ ಗಾಡಿಯ ಅಡಿಗೆ ನುಗ್ಗುವುದೇ ಇಲ್ಲ. ಮೊದಲು ದಬ್ಬೆ ಹತ್ತಿಸಿ, ಆಮೇಲೆ ಜಾಕು ಕೊಡಬೇಕು. ಸ್ಟೆಪ್ನಿ ಅಂತೂ ಇಲ್ಲವೇ ಇಲ್ಲ. ತೂಕ ಜಾಸ್ತಿ ಆಗ್ತದೆ ಅಂತ ಕಂಪನಿಯವರು ಒಂದು ಬಾಟಲಿ ಅಂಟು, ಒಂದು ಸಣ್ಣ ಪಂಪು ಇಟ್ಟು ಕೈ ತೊಳೆದುಕೊಂಡಿದ್ದಾರೆ. ಮೊಳೆ ಚುಚ್ಚಿದರೆ ಆ ಅಂಟು ಸಾಕು. ಟಯರಿನ ಪಕ್ಕೆಯನ್ನು ಜಲ್ಲಿ ಕಲ್ಲು ಕೊಯ್ದರೆ ಅದು ಬರೀ ರಸ್ತೆಗೆ ಬಳಿಯೋಕೆ.

ಇದೆಲ್ಲ ಓಡುವಾಗಿನ ಕಷ್ಟ. ಓಡುವಾಗಿನ ಕಷ್ಟ ದೊಡ್ಡದಲ್ಲ. ಈ ಗಾಡಿ ಹಾಳಾಗೋದು ಜಾಸ್ತಿ ನಿಂತಲ್ಲೇ. ಹೆಂಡತಿಯ ಸ್ಕೂಟರು ದಿನಾ ಕೆಸರಿನಲ್ಲಿ ಮಿಂದು ಬರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಡಿಕೆ ಅಟ್ಟದ ಕೆಳಗೆ ಬೆಚ್ಚಗೆ ಹೊದ್ದು ಮಲಗಿದ್ದಕ್ಕೆ ಇಲ್ಲದ ರೋಗವಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಅದು ಕಚ್ಚಿಕೊಂಡೇ ಇರುತ್ತದೆ, ಅದಕ್ಕೇ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಬೇಕು. ಬ್ರೇಕ್ ಡಿಸ್ಕು ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ. ನೆಲಕ್ಕೆ ಒತ್ತಿದ ಜಾಗದಲ್ಲಿ ಟಯರು ಚಪ್ಪಟೆಯಾಗುತ್ತದೆ. ಚರ್ಮದ ಸೀಟಿಗೆ ಬಿಳಿ ಬೂಷ್ಟು. ಇಲಿಗಳಿಗೆ ಇಂಜಿನ್ನಿನ ಮೇಲೆ ಅಡಿಕೆ ಸಿಪ್ಪೆ ಹಾಸಿ ಸಂಸಾರ ಹೂಡುವ ಆಸೆ. ಹೂಡಲಿ, ವೈರು ಯಾಕೆ ಕಡಿಯಬೇಕು?

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು. ಮಡಚುವ ಮಾಡಿನ ಮೇಲೆ ಬಿದ್ದ ನೀರು ಸೀಟಿನ ಹಿಂದೆ, ಎರಡೂ ಮೂಲೆಯ ಸಣ್ಣ ತೂತಿಗೆ ಇಳಿದು, ರಬ್ಬರ್ ಕೊಳವೆಯಲ್ಲಿ ಹಿಂದಿನ ಚಕ್ರದ ಹತ್ತಿರ ಹೊರಗೆ ಬೀಳಬೇಕು. ಆ ತೂತು ಕಿರುಬೆರಳಿನಷ್ಟೂ ಇಲ್ಲ. ಒಂದೆರಡು ಎಲೆ, ಒಂದಿಷ್ಟು ಧೂಳು ಸೇರಿದರೆ ಬಂದ್. ಆಮೇಲೆ ನೀರು ಸುಮ್ನೆ ಸೀಟಿನ ಅಡಿಗೆ ಹೋಗಿ ಕೂರುತ್ತದೆ. ನಮ್ಮಲ್ಲಿ ಗೊತ್ತಾಗಿದ್ದು ಕಪ್ಪೆ ಕೂಗಿದಾಗ. ತಂತಿ ಹಾಕಿ ತಿವಿದರೆ ರಬ್ಬರ್ ಕೊಳವೆಯೇ ತೂತಾಗುತ್ತದೆ. ಹುಲ್ಲು ಕತ್ತರಿಸುವ ಮಷಿನ್ನಿನ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು. ತೋಟ ಇದ್ದವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ತುದಿಯನ್ನು ಸ್ವಲ್ಪ ಬೆಂಕಿಗೆ ಹಿಡಿದು ದುಂಡಗೆ ಮಾಡಿ, ತಿರುಗಿಸುತ್ತಾ ಇಳಿಸಬೇಕು. ಎಲ್ಲೋ ಒಂದು ಕಡೆ ತಡೆಯುತ್ತದೆ. ಒತ್ತದೆ ತಿರುಗಿಸಿದರೆ ಗೊಳಕ್ ಎಂದು ಬಿಟ್ಟುಕೊಂಡು, ಚಕ್ರದ ಹಿಂದೆ ಕಪ್ಪು ನೀರು, ಕೊಳೆತ ಎಲೆ, ಒಂದು ಸಲ ಅಡಿಕೆ ಹೂವಿನ ಒಣಗಿದ ಎಸಳೂ ಬಂದು ಬಿದ್ದವು. ಗಾಡಿ ಓಡಿಸುವಾಗಲೂ ನನಗೆ ಇಷ್ಟು ಖುಷಿ ಆಗಿದ್ದಿಲ್ಲ.

ಬ್ಯಾಟರಿಯದು ಬೇರೆಯೇ ತಮಾಷೆ. ಗಡಿಯಾರ, ಅಲಾರಂ ಅಂತ ನಿಂತಲ್ಲೇ ಕರೆಂಟು ಕುಡಿಯುತ್ತಾ ಇರುತ್ತದೆ. ಭಾರ ಹಿಂದೆ ಮುಂದೆ ಸಮ ಇರಲಿ ಅಂತ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟಿದ್ದಾರೆ. ಡಿಕ್ಕಿ ತೆರೆಯಲು ಬಟನ್ ಒತ್ತಬೇಕು. ಬಟನ್ನಿಗೆ ಕರೆಂಟು ಬೇಕು. ಕರೆಂಟು ಬ್ಯಾಟರಿಯಿಂದ ಬರಬೇಕು. ಬ್ಯಾಟರಿ ಡಿಕ್ಕಿಯಲ್ಲಿದೆ. ಈ ಮಾತನ್ನು ಜಗುಲಿಯಲ್ಲಿ ಕೂತ ನೆಂಟರಿಗೆ ಹೇಳಿದಾಗ ಅವರು ನಕ್ಕ ನಗು ವಾರದೊಳಗೆ ಊರೆಲ್ಲ ಸುತ್ತಿ ಬಂತು. ಕೀಲಿ ಹಾಕುವ ತೂತು ಒಂದು ಇದೆ ಅನ್ನಿ, ನಂಬರ್ ಪ್ಲೇಟಿನ ಮೇಲೆ ಕಪ್ಪು ಮುಚ್ಚಳದ ಹಿಂದೆ. ಅದೂ ತುಕ್ಕು ಹಿಡಿದಿತ್ತು. ಈಗ ವಾರಕ್ಕೊಮ್ಮೆ, ಮಳೆ ಹೊಳವಾದಾಗ, ಇಂಜಿನ್ ಪೂರ್ತಿ ಬಿಸಿ ಆಗುವಷ್ಟು ದೂರ ಹೋಗಿ ಬರುತ್ತೇನೆ. ನಿಲ್ಲಿಸಿದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಉಪಯೋಗವಿಲ್ಲ. ಸೆಲ್ಫ್ ಹೊಡೆದಾಗ ಹೋದ ಕರೆಂಟೂ ವಾಪಸ್ ತುಂಬುವುದಿಲ್ಲ, ಸೈಲೆನ್ಸರಿನ ನೀರೂ ಆರುವುದಿಲ್ಲ.

ಬ್ರೇಕ್ ಆಯಿಲ್ ಕೂಡ ಹಾಗೇ, ಗಾಡಿ ನಿಂತಿದ್ದರೂ ಗಾಳಿಯ ತೇವ ಹೀರುತ್ತಾ ಇರುತ್ತದೆ. ನೀರು ಸೇರಿದ ಆಯಿಲ್ ಬೇಗ ಕುದಿಯುತ್ತದೆ. ಕುದಿದರೆ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ. ದೇವಿಮನೆ ಘಟ್ಟ ಇಳಿಯುವಾಗ ಅದಾಗುವುದು ಬೇಡ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಇಳಿಜಾರಿನಲ್ಲಿ ಗೇರು ಇಳಿಸಿಕೊಂಡು ಹೋದರೆ ಮುಗಿಯಿತು.

ಘಟ್ಟದ ಕೆಳಗೆ ಉಪ್ಪು ಗಾಳಿ. ಕಾರವಾರದಲ್ಲಿ ಠಾಗೋರ್ ಕಡಲತೀರದ ಪಕ್ಕ ಚಪಲ್ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ. ಸಮುದ್ರಕ್ಕೇ ಹುಟ್ಟಿದ ಹಡಗಿಗೂ ದಡದ ಗಾಳಿಯಲ್ಲಿ ಬಣ್ಣ ಬಳಿಯುತ್ತಿರಬೇಕು. ನನ್ನದಂತೂ ತೆಳು ತಗಡು. ಗಡಿಯಾಚೆ ಗೋವಾದಲ್ಲೇ ಹಿಂದೆ ಸ್ಯಾನ್ ಸ್ಟಾರ್ಮ್ ಅಂತ ಎರಡು ಸೀಟಿನ, ಮಾಡು ತೆರೆಯುವ ಗಾಡಿ ಮಾಡುತ್ತಿದ್ದರು. ರೆನೋ ಇಂಜಿನ್, ಫೈಬರ್ ಮೈ. ತುಕ್ಕಿನ ಮಟ್ಟಿಗೆ ಅದು ಈ ಕರಾವಳಿಗೆ ಸರಿಯಾದ ಗಾಡಿ ಅಂತ ನನಗೆ ಈಗ ಅನ್ನಿಸುತ್ತದೆ. ನಾನು ಕಾರವಾರದಿಂದ ಬಂದ ರಾತ್ರಿಯೇ ತೋಟದ ಪೈಪಿನಿಂದ ಅಡಿಭಾಗಕ್ಕೆಲ್ಲ ನೀರು ಬಿಡುತ್ತೇನೆ.

ದಾರಿಯಲ್ಲಿ ನಿಂತರೆ? ಲಾರಿ ಮೇಲೆ ಹೇರಿಕೊಂಡು ಹೋಗುವವರು ಹುಬ್ಬಳ್ಳಿಯಿಂದ ಬರಬೇಕು. ಎಳೆಯುವ ಕೊಕ್ಕೆಯನ್ನು ಬಂಪರಿನಲ್ಲಿ ನಾವೇ ತಿರುಗಿಸಿ ಕೂರಿಸಬೇಕು, ಅದರ ತಿರುಪೂ ಉಲ್ಟಾ. ಜನಕ್ಕೆ ಮಾತ್ರ ಕೊರತೆ ಇಲ್ಲ. ಒಂದು ಏಪ್ರಿಲ್‌ನಲ್ಲಿ ಅಂಕೋಲೆಯಿಂದ ಕುಮಟೆಗೆ ಬರುವಾಗ, ಮಿರ್ಜಾನಿಗೆ ಸ್ವಲ್ಪ ಮೊದಲು ಟೆಂಪರೇಚರ್ ಮುಳ್ಳು ಏರತೊಡಗಿತು. ಅಂಥ ಹೊತ್ತಿಗೆ ಹೀಟರ್ ಫುಲ್ ಇಡಬೇಕು. ಇಂಜಿನ್ನಿನ ಬಿಸಿಯನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಮೇಲೆ ಕರಾವಳಿಯ ಬಿಸಿಲು, ಕಾಲಿಗೆ ಹೀಟರು, ಪಕ್ಕದಲ್ಲಿ ಹೆಂಡತಿ. ಒಂದು ಮಾವಿನ ಮರದಡಿ ನಿಲ್ಲಿಸಿದೆ.

ಬೈಕು ನಿಂತಿತು, ಟೆಂಪೋ ನಿಂತಿತು. "ಎಂತ ಆತು ಮಾರಾಯ್ರೇ?" ಒಬ್ಬರು ಕ್ಲಚ್ ಪ್ಲೇಟ್ ಹೋಗಿದೆ ಅಂದರು. ಇನ್ನೊಬ್ಬರು ಪೆಟ್ರೋಲ್ ಇದ್ಯಾ ನೋಡಿ ಅಂದರು. ಇಂಜಿನ್ನು ಹಿಂದೆ ಇರ್ತದೆ ಅಂತ ಒಬ್ಬರ ವಾದ, ಬಾನೆಟ್ ತೆರೆದು ತೋರಿಸಿದರೂ ಅವರಿಗೆ ಪೂರ್ತಿ ಒಪ್ಪಿಗೆಯಿಲ್ಲ. ಮತ್ತೊಬ್ಬರು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದರು, ಎಲ್ಲರೂ ಕೂಗಿ ತಡೆದೆವು. ಬಿಸಿ ಇರುವಾಗ ತೆಗೆದರೆ ಮುಖಕ್ಕೇ ಹಾರುತ್ತದೆ. ಕೊನೆಗೆ ಬೋಟಿನ ಇಂಜಿನ್ ರಿಪೇರಿ ಮಾಡುವ ಒಬ್ಬ, ಅಲ್ಲಿವರೆಗೆ ಬೀಡಿ ಸೇದುತ್ತಾ ನಿಂತಿದ್ದವನು, "ಫ್ಯಾನೇ ತಿರುಗ್ತಾ ಇಲ್ಲ ಅಲ್ವಾ" ಅಂದ. ಫ್ಯೂಸಿನ ಡಬ್ಬಿ ತೆಗೆದು ಫ್ಯಾನಿಗೆ ಕರೆಂಟು ಬಿಡುವ ಒಂದು ಕಪ್ಪು ರಿಲೇ ಕಿತ್ತು ಕಿವಿಯ ಹತ್ತಿರ ಅಲ್ಲಾಡಿಸಿದ. ಪಕ್ಕದಲ್ಲಿ ಅದೇ ನಮೂನೆಯ ಇನ್ನೊಂದಿತ್ತು, ಹಾರ್ನಿನದು. ಅದನ್ನು ಕಿತ್ತು ಇಲ್ಲಿ ಕೂರಿಸಿದ. ಫ್ಯಾನು ಗುಯ್ ಎಂದಿತು. ದುಡ್ಡು ಬೇಡ ಅಂದ, ಮಗನನ್ನು ಸೀಟಿನಲ್ಲಿ ಕೂರಿಸಿ ಫೋಟೋ ತೆಗೆದುಕೊಂಡ.

ಹಾರ್ನ್ ಇಲ್ಲದೆ ದೇವಿಮನೆ ಘಟ್ಟ ಹತ್ತಬೇಕಾಯಿತು. ಮಾಡು ತೆರೆದೇ ಇತ್ತು. ಪ್ರತಿ ತಿರುವಿನಲ್ಲೂ ಹೆಂಡತಿ ಕೂಗಿದಳು. ಮೊದಮೊದಲು ನಾಚಿಕೆಯಿಂದ, ಬಂಡಲ ಊರು ದಾಟುವ ಹೊತ್ತಿಗೆ ಖುಷಿಯಿಂದ. ಎದುರು ಬಂದ ಲಾರಿಯವನು ವಾಪಸ್ ಕೂಗಿದ.

ಮರುದಿನ ಶಿರಸಿಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯವನು ಅದೇ ಅಳತೆಯ ರಿಲೇ ಹುಡುಕಿ ಕೊಟ್ಟ. ಎರಡು ಕೊಡು, ಒಂದು ಗಾಡಿಯಲ್ಲೇ ಇರಲಿ ಅಂದೆ.

"ಡಿಕ್ಕಿಯಲ್ಲಿ ಮಾತ್ರ ಇಡ್ಬೇಡಿ" ಅಂದ.